ಆರು ಕಾಲಿನ ಮರಿ

ಆ ಮ್ಯೂಸಿಯಂನ ಅಂಗಡಿಯಲ್ಲಿ ಆರು ಕಾಲಿನ ಕುರಿಮರಿಯನ್ನು ಮಾರುತ್ತಿದ್ದರು. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಮಕ್ಕಳ ಪೆನ್ಸಿಲ್ ಡಬ್ಬಿ, ಕೀಲಿಕೈಗೆ ತೂಗುಹಾಕುವ ಬಿಲ್ಲೆ, ಎಲ್ಲದರ ಮೇಲೂ ಅದೇ ಮರಿ. ನನ್ನ ಜೊತೆ ಬಂದಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಒಂದೊಂದು ಕೊಂಡರು. ಎರಡು ವರ್ಷವಾಯಿತು, ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಎನ್ನುವುದು ಮಾತ್ರ ಆಗಾಗ ಬದಲಾಗುತ್ತಿರುತ್ತದೆ.

ಆಗ ನಾನು ದೂರದ ಊರೊಂದರಲ್ಲಿ ಚಿತ್ರಕಲೆ ಓದುತ್ತಿದ್ದೆ. ನಮ್ಮ ಕಾಲೇಜಿನಿಂದ ಹನ್ನೆರಡು ವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ಮೂರು ವಾರ ಇಟಲಿಗೆ ಕರೆದುಕೊಂಡು ಹೋಗುವುದೆಂದಾಯಿತು. ನಾನು ವಿಮಾನ ನೋಡಿದ್ದು ಕೆಳಗಿನಿಂದ, ಅದೂ ಹೊಲದಲ್ಲಿ ನಿಂತು ಕತ್ತೆತ್ತಿ. ಆಯ್ಕೆಯಾದಾಗ ಕುಣಿದಾಡಿದೆ ಎಂದು ಹೇಳಿದರೆ ಅದು ಕಡಿಮೆಯೇ. ನಮ್ಮನ್ನು ಕರೆದೊಯ್ಯುವ ಮೇಷ್ಟ್ರು, ನಾವು ಸರ್ ಎನ್ನುತ್ತಿದ್ದವರು, ಹೊರಡುವ ಮುಂಚೆ ಮೂರು ದಿನ ತರಬೇತಿ ಕೊಟ್ಟರು. ಚಿತ್ರದಿಂದ ಎಷ್ಟು ದೂರ ನಿಲ್ಲಬೇಕು, ಚಮಚ ಹೇಗೆ ಹಿಡಿಯಬೇಕು, ರೈಲಿನಲ್ಲಿ ಎಷ್ಟು ಮೆಲ್ಲಗೆ ಮಾತಾಡಬೇಕು, ಎಲ್ಲ. ಕೊನೆಗೆ ಒಂದು ಮಾತು ಹೇಳಿದರು, ಅದು ನನ್ನ ಕಡೆಗೇ ನೋಡಿ ಹೇಳಿದ್ದು ಎಂದು ನನಗೆ ಅನ್ನಿಸಿತು.

"ಏನು ನೋಡಿದ್ರೂ ನಮ್ಮೂರಲ್ಲಿ ಹಿಂಗೆ, ನಮ್ಮನೇಲಿ ಹಂಗೆ ಅನ್ನಬೇಡಿ. ಅವರು ನಗ್ತಾರೆ."

ಸರ್ ಕೆಟ್ಟವರಲ್ಲ. ಹನ್ನೆರಡು ಜನರ ಮಾತ್ರೆ ಮದ್ದುಗಳನ್ನು ತಮ್ಮ ಚೀಲದಲ್ಲೇ ಹೊತ್ತು ತಿರುಗಿದ ಮನುಷ್ಯ. ಆದರೆ ಅವರಿಗೆ ಒಂದು ಹೆದರಿಕೆಯಿತ್ತು. ಆ ಹೆದರಿಕೆಯನ್ನು ನಮಗೆಲ್ಲ ಮಾತ್ರೆಯಂತೆ ಹಂಚಿದರು.

ಮೊದಲೆರಡು ವಾರ ದೊಡ್ಡ ದೊಡ್ಡ ಊರುಗಳು. ಚರ್ಚುಗಳ ಚಾವಣಿ ನೋಡಿ ನೋಡಿ ಕತ್ತು ನೋವು ಬಂತು. ಒಂದು ಕಲ್ಲಿನ ಮೂರ್ತಿಯ ಪಾದದಲ್ಲಿ ಉಬ್ಬಿದ ನರ ಕಂಡು ನನಗೆ ಕಣ್ಣು ತುಂಬಿ ಬಂದಿತ್ತು. ಸಂತೋಷಕ್ಕೆ ಕೊರತೆ ಇರಲಿಲ್ಲ. ಆದರೆ ಎಲ್ಲಿ ಹೋದರೂ ಗೋಡೆಯ ಮೇಲೆ ಕುರಿ ಕಾಯುವವರು. ಎಳೆಗೂಸಿನ ಮುಂದೆ ಮೊಣಕಾಲೂರಿದವರು, ಮರಿಯನ್ನು ಕೊರಳಿಗೆ ಹಾಕಿಕೊಂಡವರು, ಹರಿದ ಅಂಗಿಯವರು, ಕೆಸರುಗಾಲಿನವರು. ಅವರ ಸುತ್ತ ಚಿನ್ನದ ಚೌಕಟ್ಟು. ನನ್ನ ಜೊತೆಗಾರರು ಅವರ ಮುಂದೆ ನಿಂತು ಉಸಿರು ಬಿಗಿಹಿಡಿದು "ಎಂಥ ಮುಖ, ಎಂಥ ಮುಗ್ಧತೆ" ಎನ್ನುತ್ತಿದ್ದರು. ನಮ್ಮೂರ ಕಡೆ, ಮಸ್ಕಿಯಲ್ಲಿ, ನಮ್ಮವ್ವ ಕಂಬಳಿ ಹೊದ್ದು ಬಸ್ಸು ಹತ್ತಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಅದೇ ಕಂಬಳಿ, ಅದೇ ಮುಖ. ಚೌಕಟ್ಟಿಲ್ಲ, ಅಷ್ಟೇ.

ನನ್ನಪ್ಪ ಕುರಿ ಕಾಯುತ್ತಾನೆ. ನಮ್ಮ ಮನೆ ಸಂತೆಕಲ್ಲೂರಿನ ಹತ್ತಿರ, ಆದರೆ ಮನೆಯಲ್ಲಿ ನಾವು ಇರುವುದು ಮಳೆಗಾಲದ ಕೆಲವು ತಿಂಗಳು. ಉಳಿದಂತೆ ಕುರಿಯ ಹಿಂದೆ. ಕಾಲುವೆ ಸೀಮೆಯಲ್ಲಿ ಭತ್ತ ಕೊಯ್ದಾದ ಮೇಲೆ ಜವಳಗೇರಾ, ಸಾಲಗುಂದದ ಕಡೆಯ ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬಲೆ ಕಟ್ಟಿ, ಒಳಗೆ ಕುರಿ, ಹೊರಗೆ ನಾವು. ನಾನು ಅಕ್ಷರ ಕಲಿತದ್ದು ಆ ಹೊಲಗಳ ಬದುವಿನ ಮೇಲೆಯೇ.

ಮೂರನೆಯ ವಾರ ಬೆಟ್ಟದ ಮೇಲಿನ ಒಂದು ಸಣ್ಣ ಊರಿಗೆ ಹೋದೆವು. ಅಲ್ಲಿ ಹಿಂದೆ ಮಠವಾಗಿದ್ದ ಕಟ್ಟಡವನ್ನು ಮ್ಯೂಸಿಯಂ ಮಾಡಿದ್ದಾರೆ. ನೋಡಿಕೊಳ್ಳುವವಳು ಒಬ್ಬ ನರೆಗೂದಲಿನ ಹೆಂಗಸು. ಅವಳೇ ನಮಗೆ ಎಲ್ಲ ತೋರಿಸಿದಳು. ಕೊನೆಯ ಕೋಣೆಯಲ್ಲಿ ಒಂದು ಹಲಗೆಯ ಮೇಲೆ ಬರೆದ ಚಿತ್ರ. ನಮ್ಮ ಮನೆಯ ಬಾಗಿಲಿನಷ್ಟು ದೊಡ್ಡದು. ಕೊಟ್ಟಿಗೆಯಲ್ಲಿ ಬಾಣಂತಿ, ಹುಲ್ಲಿನ ಮೇಲೆ ಕೂಸು, ಎದುರಿಗೆ ಮೂವರು ಕುರಿ ಕಾಯುವವರು. ಬರೆದವನು ಯಾರೆಂದು ಗೊತ್ತಿಲ್ಲವಂತೆ. ಬಲಗಡೆಯ ಮೂಲೆಯಲ್ಲಿ ಒಂದು ತಾಯಿ ಕುರಿ, ಅದರ ಕೆಚ್ಚಲಿಗೆ ಬಾಯಿ ಹಾಕಿದ ಒಂದು ಮರಿ. ಮರಿಗೆ ಆರು ಕಾಲು.

ಪಕ್ಕದ ಫಲಕದಲ್ಲಿ ಹೀಗೆ ಬರೆದಿತ್ತು: ಚಿತ್ರಕಾರ ಮೊದಲು ಬರೆದ ಹಿಂಗಾಲುಗಳನ್ನು ಅಳಿಸಲು ಮರೆತಿದ್ದಾನೆ, ಇದು ಊರಿನವರ ಅಚ್ಚುಮೆಚ್ಚಿನ ತಪ್ಪು. ಸರ್ ಅದನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹತ್ತಿರ ಹೋಗಿ ನೋಡಿದೆ. ಅದು ನನಗೆ ಗೊತ್ತಿದ್ದ ಮರಿ.

ಮರಿ ಸತ್ತ ಕುರಿ ಬೇರೆ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಮೂಸಿ ನೋಡುತ್ತದೆ, ತನ್ನದಲ್ಲವೆಂದು ಗೊತ್ತಾದರೆ ಗುದ್ದಿ ಕೆಡವುತ್ತದೆ. ಅತ್ತ ತಾಯಿ ಸತ್ತ ತಬ್ಬಲಿ ಮರಿ ಹಸಿದು ಅರಚುತ್ತಿರುತ್ತದೆ. ಆಗ ಅಪ್ಪ ಸತ್ತ ಮರಿಯ ಚರ್ಮವನ್ನು ಅಂಗಿ ಬಿಚ್ಚಿದ ಹಾಗೆ ಸುಲಿದು ತಬ್ಬಲಿ ಮರಿಗೆ ತೊಡಿಸುತ್ತಾನೆ. ಮುಂಗಾಲು ಇದ್ದ ತೂತುಗಳಲ್ಲಿ ಈ ಮರಿಯ ಮುಂಗಾಲು ಹೊರಗೆ ಬರುತ್ತವೆ. ಹಿಂಗಾಲಿನ ಚರ್ಮ ಗೊರಸಿನ ಸಮೇತ ಎರಡೂ ಕಡೆ ಜೋತಾಡುತ್ತಿರುತ್ತದೆ. ಹೊಟ್ಟೆಯ ಕೆಳಗೆ ಒಂದು ದಾರ ಕಟ್ಟುತ್ತಾನೆ. ಬಾಲವನ್ನು ಮಾತ್ರ ಕತ್ತರಿಸುವಂತಿಲ್ಲ, ತಾಯಿ ಮೊದಲು ಮೂಸುವುದೇ ಅಲ್ಲಿ. ತನ್ನ ಮರಿಯದೇ ವಾಸನೆ ಬಂದರೆ ಕುರಿ ಸುಮ್ಮನೆ ನಿಂತು ಹಾಲು ಕೊಡುತ್ತದೆ. ಎರಡು ಮೂರು ದಿನದಲ್ಲಿ ಅದರ ಹಾಲಿನ ವಾಸನೆ ಈ ಮರಿಯ ಮೈಗೆ ಬರುತ್ತದೆ, ಆಮೇಲೆ ಚರ್ಮ ಬಿಚ್ಚಿ ಹೂಳುತ್ತೇವೆ.

ದಾರ ಹಿಡಿಯುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಮೊದಲ ಸಲ ಸಾಲಗುಂದದ ಹೊಲವೊಂದರಲ್ಲಿ ಹಿಡಿದಾಗ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅಪ್ಪ ಕೈ ನಿಲ್ಲಿಸದೆ ಹೇಳಿದ್ದ:

"ಅಳಬ್ಯಾಡ ಬೇ. ಸತ್ತದ್ದಂತೂ ಸತ್ತೈತಿ. ಇದ್ದದ್ದಾದ್ರೂ ಕುಡೀಲಿ."

ಆ ಹಲಗೆಯ ಮೇಲೆ ಎಲ್ಲವೂ ಇತ್ತು. ಬಿಳಿ ಮರಿಯ ಬೆನ್ನಿಗೆ ಕಂದು ಚರ್ಮ. ನೆಲ ಮುಟ್ಟದೆ ಜೋತ ಎರಡು ಕಾಲು. ಎರಡನೆಯ ಬಾಲ, ಅದಕ್ಕೆ ಮೂಗು ಇಟ್ಟ ತಾಯಿ. ಕೂದಲೆಳೆಯಷ್ಟು ತೆಳ್ಳಗಿನ ದಾರ. ಕೂಸು ಹೆತ್ತ ತಾಯಿಯ ಪಕ್ಕದಲ್ಲಿ, ಬೇರೆಯವರ ಮರಿಗೆ ಹಾಲೂಡುವ ತಾಯಿಯನ್ನು ಬೇಕೆಂದೇ ತಂದು ನಿಲ್ಲಿಸಿದ್ದಾನೆ ಆ ಪುಣ್ಯಾತ್ಮ. ಅವನ ಲೆಕ್ಕ ತಪ್ಪಿರಲಿಲ್ಲ. ಇಷ್ಟು ತಲೆಮಾರು ಓದಿದವರು ಅದರ ಮುಂದೆ ನಿಂತು ಕಾಲು ಎಣಿಸಿ ನಕ್ಕು ಪೆನ್ಸಿಲ್ ಡಬ್ಬಿ ಮಾರಿದ್ದಾರೆ!

"ಸರ್, ಅದು ತಪ್ಪಲ್ರೀ," ಎಂದು ಕೂಗಿಬಿಟ್ಟೆ. "ಬೇಕಂತನ ತಗದಾನ್ರೀ ಅವ. ಅದು ಸತ್ತ ಮರಿ ಚರ್ಮರೀ, ಮ್ಯಾಲ ಹೊದಿಸ್ಯಾರ."

"ಶ್! ಮೆಲ್ಲಗೆ ಮಾತಾಡಮ್ಮ. ಇದೇನು ಸಂತೇನಾ?"

ನರೆಗೂದಲಿನ ಹೆಂಗಸು ನಾನು ಏನು ಹೇಳಿದೆ ಎಂದು ಸರ್ ಅವರನ್ನು ಕೇಳಿದಳು. ಚಿತ್ರ ತುಂಬ ಚೆನ್ನಾಗಿದೆ ಅನ್ನುತ್ತಿದ್ದಾಳೆ ಎಂದು ಸರ್ ಇಂಗ್ಲಿಷಿನಲ್ಲಿ ಹೇಳಿ ಹಲ್ಲು ಕಿರಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನನ್ನ ಇಂಗ್ಲಿಷು ಸುಧಾರಿಸುತ್ತದೆ, ಅದೊಂದು ಉಪಕಾರ. ಸರ್ ಅವರನ್ನು ದಾಟಿ ನಾನೇ ಮುಂದೆ ಹೋಗಿ ಒಂದೊಂದನ್ನೇ ಬೆರಳು ಮಾಡಿ ತೋರಿಸಿದೆ. ಚರ್ಮ, ಕಾಲು, ಬಾಲ, ದಾರ.

ಅವಳು ಒಳಗೆ ಹೋಗಿ ಟಾರ್ಚು ತಂದಳು. ಆ ವಯಸ್ಸಿನಲ್ಲಿ ಕಲ್ಲುನೆಲದ ಮೇಲೆ ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದಳು. ದಾರ ಕಂಡಾಗ ತನ್ನ ಭಾಷೆಯಲ್ಲಿ ಏನೋ ಅಂದಳು. ಎದ್ದಾಗ ಅವಳ ಕಿವಿಯೆಲ್ಲ ಕೆಂಪಾಗಿತ್ತು. ಹದಿನೆಂಟು ವರ್ಷದಿಂದ ದಿನಾ ಈ ಚಿತ್ರ ನೋಡುತ್ತಿದ್ದೇನೆ ಎಂದಳು. ನನ್ನ ಕೈ ಹಿಡಿದುಕೊಂಡು ಕೇಳಿದಳು, ಇದು ನಿನಗೆ ಹೇಗೆ ಗೊತ್ತು?

ನಾನು ಹೇಳಿದೆ: "ಒಂದು ಪುಸ್ತಕದಲ್ಲಿ ಓದಿದ್ದೆ."

ಯಾಕೆ ಹಾಗಂದೆ? ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿದ ವಾರವೇ ಒಬ್ಬ ಹುಡುಗಿ ನನ್ನ ಟ್ರಂಕು ತೆಗೆದು, ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಕುರಿ ವಾಸನಿ" ಎಂದು ಮೂಗು ಮುಚ್ಚಿಕೊಂಡಿದ್ದಳು. ಕೋಣೆಯವರೆಲ್ಲ ಮೂಗು ಮುಚ್ಚಿಕೊಂಡರು. ಅಂದಿನಿಂದ ಯಾರು ಕೇಳಿದರೂ ನಮ್ಮಪ್ಪ ಹೊಲ ಮಾಡುತ್ತಾನೆ ಎನ್ನುತ್ತಿದ್ದೆ. ಒಂದು ಗೇಣು ಹೊಲವಿಲ್ಲದ ಮನುಷ್ಯನನ್ನು ನಾನು ಸಿಂಧನೂರಿನ ಡಿಗ್ರಿ ಕಾಲೇಜಿನ ಹೊತ್ತಿಗೆ ನೀರಾವರಿ ಜಮೀನ್ದಾರನನ್ನಾಗಿ ಮಾಡಿದ್ದೆ. ಸಾವಿರಾರು ಮೈಲಿ ದಾಟಿ, ಕುರಿ ಕಾಯುವವರನ್ನು ಚಿನ್ನದಲ್ಲಿ ಕೂರಿಸಿದ ಊರಿಗೆ ಹೋಗಿ, ಒಬ್ಬ ಹೆಂಗಸು ಪ್ರೀತಿಯಿಂದ ಕೈ ಹಿಡಿದು ಕೇಳಿದರೂ ಬಾಯಿಗೆ ಬಂದದ್ದು ಅದೇ ಹಾಳು ಸುಳ್ಳು. ಸರ್ ಮೇಲೆ ನಾನು ಎಷ್ಟು ಹಲ್ಲು ಕಡಿದರೂ ಈ ಸುಳ್ಳನ್ನು ನನಗೆ ಅವರು ಹೇಳಿಕೊಟ್ಟಿರಲಿಲ್ಲ.

ಯಾವ ಪುಸ್ತಕ ಎಂದು ಅವಳು ಕೇಳಿದಳು. ಮರೆತಿದೆ, ಹುಡುಕಿ ಕಳಿಸುತ್ತೇನೆ ಎಂದೆ. ಅವಳು ತನ್ನ ಇಮೇಲ್ ವಿಳಾಸದ ಚೀಟಿ ಕೊಟ್ಟಳು. ಫಲಕ ಬದಲಿಸುವುದು ತನ್ನ ಕೈಯಲ್ಲಿಲ್ಲ, ಒಂದು ಸಮಿತಿ ಇದೆ, ಆಧಾರ ಕೊಟ್ಟರೆ ತಾನು ಅವರ ಜೊತೆ ಹೋರಾಡುತ್ತೇನೆ ಎಂದಳು. ಫಲಕ ಬದಲಾದರೆ ಯಾರು ಹೇಳಿಕೊಟ್ಟರೋ ಅವರ ಹೆಸರನ್ನೂ ಅಲ್ಲಿ ಬರೆಯುತ್ತಾರಂತೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಚಿತ್ರದ ಫೋಟೋ ಅಪ್ಪನ ಫೋನಿಗೆ ಕಳಿಸಿ, ವಿಡಿಯೋ ಕಾಲ್ ಮಾಡಿದೆ. ಜವಳಗೇರಾದಲ್ಲಿ ಇಳಿಹೊತ್ತು. ಹಿಂದೆ ಬಲೆ ಕಟ್ಟುವ ಗೂಟಗಳು ಕಾಣುತ್ತಿದ್ದವು. ಅಪ್ಪ ಫೋಟೋ ದೊಡ್ಡದು ಮಾಡಿ ನೋಡಿ ಕೇಳಿದ:

"ಯಾರ್ ಬೇ ಇದನ್ನ ತಗದಾವ?"

"ಗೊತ್ತಿಲ್ಲಪ್ಪ. ಭಾಳ ಹಿಂದಿನಾವ."

"ಕುರಿ ಕಾದಾನ ಬೇ ಇವ. ಬಾಲ ಬಿಟ್ಟಾನ ನೋಡು. ಕಾಯಲಾರದವಂಗ ಬಾಲದ್ದು ಗೊತ್ತಾಗಂಗಿಲ್ಲ. ಆದ್ರ ದಾರ ಭಾಳ ಬಿಗಿ ಕಟ್ಟ್ಯಾನ. ಮರಿಗೆ ಉಸುರು ಹಿಡೀತೈತಿ."

"ಇಲ್ಲಿ ಮಂದಿ ಆರು ಕಾಲಂತ ನಗಾಕತ್ತಿದ್ರಪ್ಪ. ನಾ ಹೇಳೀನಿ ಹಂಗಲ್ಲಂತ."

"ನಮ್ಮಪ್ಪ ಹೇಳಿಕೊಟ್ಟಾನ ಅಂದೀಯಿಲ್ಲ?"

ಅವನ ಮುಖ ಪೂರ್ತಿ ಪರದೆ ತುಂಬಿತ್ತು. "ಹೂಂ," ಎಂದೆ, "ಅಂದೀನಿ."

ಅಪ್ಪ ನಕ್ಕ. ಅವ್ವನನ್ನು ಕರೆದ. ಪಕ್ಕದ ಹೊಲದವನನ್ನೂ ಕರೆದು ಫೋನು ತೋರಿಸಿದ. ನೀನು ಹೇಳಿಕೊಟ್ಟದ್ದನ್ನು ಗೋಡೆ ಮೇಲೆ ಬರೆಯುತ್ತಾರಂತೆ ಎಂದು ನಾನೇ ಹೇಳಿದ್ದೆ, ಅದನ್ನೂ ಹೇಳಿದ. ನನಗೆ ಫೋನು ಎತ್ತಿ ಒಗೆಯುವಷ್ಟು ಸಿಟ್ಟು ಬಂತು, ಅಪ್ಪನ ಸಂತೋಷದ ಮೇಲೆ. ಅಂಥ ದರಿದ್ರ ಸಿಟ್ಟು ನನಗೆ ಇನ್ನಾವತ್ತೂ ಬಂದಿಲ್ಲ.

ಬಸ್ಸಿನಲ್ಲಿ ಸರ್ ಬಂದು ಪಕ್ಕದಲ್ಲಿ ಕೂತರು. ಅವರ ಧ್ವನಿಯೇ ಬದಲಾಗಿತ್ತು. ಒಳ್ಳೆ ವಿಷಯ ಕಣಮ್ಮ, ನಾನು ಇದರ ಮೇಲೆ ಒಂದು ಲೇಖನ ಮಾಡುತ್ತೇನೆ, ಆ ಪುಸ್ತಕದ ವಿವರ ಕೊಡು ಎಂದರು. ಪುಸ್ತಕ ಇಲ್ಲ ಸರ್, ನಮ್ಮಪ್ಪ ಹೇಳಿಕೊಟ್ಟದ್ದು ಎಂದೆ. ಅವರು ಕೈಯಾಡಿಸಿ ಅಂದರು:

"ಅದನ್ನ ಹಾಗೆ ಹಾಕೋಕಾಗಲ್ಲ. ಉತ್ತರ ಕರ್ನಾಟಕದ ಕುರಿಗಾಹಿಗಳಲ್ಲಿ ಕಂಡುಬರುವ ರೂಢಿ ಅಂತ ಹಾಕೋಣ ಬಿಡು."

ಅವರ ಆ 'ಹಾಕೋಣ ಬಿಡು' ಕೇಳಿ ರೇಗಿಹೋಯಿತು. ನನ್ನಪ್ಪ ಒಂದೇ ಏಟಿಗೆ ಒಂದು ರೂಢಿಯಾಗಿಬಿಟ್ಟಿದ್ದ. ಬೇಡ ಸರ್, ನೀವು ಬರೆಯಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ಬರೆಯಲೂ ಇಲ್ಲ. ಆದರೆ ಊರಿಗೆ ಬರುವವರೆಗೂ ಒಂದು ಮಾತು ಕೊರೆಯುತ್ತಿತ್ತು. ಸರ್ ಕುರಿಗಾಹಿ ಎಂದಾದರೂ ಅಂದಿದ್ದರು. ನಾನು ಅದನ್ನೂ ಅಂದಿರಲಿಲ್ಲ.

ವಾಪಸು ಬಂದಾಗ ಮಸ್ಕಿ ಬಸ್ ನಿಲ್ದಾಣದ ಚಹಾದಂಗಡಿಯವನೇ ಕೇಳಿದ, "ನಿಮ್ಮಪ್ಪನ ಮಾತು ಪರದೇಶದಾಗ ಗ್ವಾಡಿ ಮ್ಯಾಲ ಬರದಾರಂತಲ್ಲ ತಂಗಿ?" ಸಂತೆಕಲ್ಲೂರಿನ ಆಟೋದಲ್ಲಿ ಇಬ್ಬರು ಕೇಳಿದರು. ಬಟ್ಟೆ ಇಟ್ಟು, ಮರುದಿನ ಬೆಳಿಗ್ಗೆ ಜವಳಗೇರಾಕ್ಕೆ ಹೋದೆ. ಕುರಿ ಇನ್ನೂ ಬಲೆಯೊಳಗಿದ್ದವು. ಅವ್ವ ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂರುವ ಮೊದಲೇ ಅಪ್ಪ ಕೈ ಒರೆಸಿಕೊಂಡು ಬಂದು, "ಎಲ್ಲೈತಿ, ತೋರ್ಸು ಗ್ವಾಡಿದ್ದು," ಎಂದ.

ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಪುಸ್ತಕ ಎಂದದ್ದು, ಫೋನಿನಲ್ಲಿ ಹೂಂ ಅಂದದ್ದು.

"ಯಾವ ಪುಸ್ತಕದಾಗೈತಿ?" ಎಂದ ಅಪ್ಪ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ.

"ಯಾವ ಪುಸ್ತಕದಾಗೂ ಇಲ್ಲಪ್ಪ."

"ಮತ್ಯಾಕ ಹಂಗಂದಿ?"

"ನಾಚಿಕಿ ಬಂತು."

ಅಪ್ಪ ನನ್ನ ಕಡೆ ನೋಡಲಿಲ್ಲ. ಬಲೆಯ ಹತ್ತಿರ ಹೋಗಿ ಕೂತು ಹರಿದ ಒಂದು ಕಣ್ಣು ಹೆಣೆಯತೊಡಗಿದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ನಮ್ಮಿಬ್ಬರದೂ ಅಂಥದೇ ಬಾಯಿ. ಬೈದವಳು ಅವ್ವ. ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿ, "ಸಣ್ಣಾಕಿದ್ದಾಗ ದಾರ ಹಿಡದಾಕಿ ನೀನೋ, ಪುಸ್ತಕೋ?" ಎಂದಳು. ರೊಟ್ಟಿ ಹಂಚಿನ ಮೇಲೆ ಹೊತ್ತಿ ಹೋಯಿತು, ಅದಕ್ಕೂ ನನ್ನನ್ನೇ ಬೈದಳು.

ಅಪ್ಪ ಬಲೆಯಿಂದ ಕಣ್ಣು ತೆಗೆಯದೆ ಹೇಳಿದ:

"ನನ್ನ ಹೆಸರು ಹೇಳಂತ ಯಾರಂದ್ರವ್ವಾ? ಹೆಸರು ಬ್ಯಾಡ ನನಗ. ಕುರಿ ಕಾಯಾವ ಒಬ್ಬಾವ ಹೇಳ್ಯಾನ ಅಂದಿದ್ರ ಮುಗೀತಿತ್ತು. ಊರ ಮಂದಿಗೆಲ್ಲ ಹೇಳಿಕೊಂತ ಅಡ್ಡಾಡೀನಿ ನಾ." ಆಮೇಲೆ ಧ್ವನಿ ಏರಿತು. "ಬರಿ. ಈಗ ಬರಿ, ನನ್ನ ಮುಂದ. ಏನು ಬರೀತಿ ಓದಿ ಹೇಳು."

ಬದುವಿನ ಮೇಲೆ ಕೂತು ಮ್ಯೂಸಿಯಂನ ಆ ಹೆಂಗಸಿಗೆ ಫೋನಿನಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುವುದು, ಅದನ್ನು ಅಪ್ಪನಿಗೆ ನಮ್ಮ ಮಾತಿನಲ್ಲಿ ಹೇಳುವುದು. ಅಮ್ಮಾ, ನಾನು ನಿಮಗೆ ಸುಳ್ಳು ಹೇಳಿದೆ. ಅಂಥ ಪುಸ್ತಕ ಇಲ್ಲ. ಅಪ್ಪ ಹೂಂ ಎಂದ. ಇದನ್ನು ನನಗೆ ಕಲಿಸಿದವನು ನನ್ನ ತಂದೆ, ಅವನು ಕುರಿ ಕಾಯುತ್ತಾನೆ. ಅಪ್ಪ ಮತ್ತೆ ಹೂಂ ಎಂದ. ನಾನು ಪರದೆಯ ಕಡೆ ನೋಡಿದೆ. ಬಾಯಲ್ಲಿ ಕುರಿ ಕಾಯುತ್ತಾನೆ ಎಂದು ಹೇಳಿದ್ದೆ. ಬೆರಳು ಬರೆದದ್ದು ಫಾರ್ಮರ್ ಎಂದು.

ಅಪ್ಪನಿಗೆ ಇಂಗ್ಲಿಷು ಬರುವುದಿಲ್ಲ. ಅವ್ವನಿಗೆ ಯಾವ ಅಕ್ಷರವೂ ಬರುವುದಿಲ್ಲ. ಹಾಗೇ ಕಳಿಸಿದ್ದರೆ ಆ ಹೊಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಕೈಯನ್ನೇ ಕಡಿದು ಹಾಕಬೇಕೆನ್ನಿಸಿತು. ಒಂದೊಂದೇ ಅಕ್ಷರ ಅಳಿಸಿದೆ. ಶೆಫರ್ಡ್ ಎಂದು ಬರೆದೆ. ನನ್ನ ಮೂಗಿನಿಂದ ನೀರು ಸುರಿಯುತ್ತಿತ್ತು. ಅಪ್ಪ ಏನಾಯಿತು ಬೇ ಎಂದ. ಏನಿಲ್ಲ ಎಂದೆ. ದಾರ ಬಿಗಿಯಾಗಿದೆ ಎಂದು ಅಪ್ಪ ಹೇಳಿದ್ದನ್ನೂ ಸೇರಿಸಿ ಕಳಿಸಿದೆ.

ಅವಳ ಉತ್ತರ ಒಂದು ತಿಂಗಳಿಗೆ ಬಂತು. ತುಂಬ ಒಳ್ಳೆಯ ಮಾತುಗಳಲ್ಲಿ ಬರೆದಿದ್ದಳು. ನಿನ್ನ ತಂದೆಗೆ ನನ್ನ ನಮಸ್ಕಾರ ತಿಳಿಸು ಎಂದಿದ್ದಳು. ವಿಷಯವನ್ನು ಸಮಿತಿಯ ಮುಂದೆ ಎರಡು ಸಲ ಇಟ್ಟಳಂತೆ. ಬಾಯಿಮಾತು ಆಧಾರವಾಗುವುದಿಲ್ಲ, ಎಲ್ಲಾದರೂ ಅಚ್ಚಾಗಿರಬೇಕು, ಯಾವ ಭಾಷೆಯಾದರೂ ಸರಿ ಎಂದರಂತೆ. ಫಲಕ ಹಾಗೇ ಇದೆ. ಅಪ್ಪನಿಗೆ ಓದಿ ಹೇಳಿದೆ.

"ಅಚ್ಚಾದ್ರ ಖರೆ, ಬಾಯಿಲೆ ಹೇಳಿದ್ರ ಸುಳ್ಳಂತೇನು?" ಎಂದ. "ಅವ್ರಿಗೆ ಪುಸ್ತಕ ಯಾರು ಬರಕೊಡ್ತಾರಂತ?"

ಇನ್ಯಾರು ಬರೆದುಕೊಡುತ್ತಾರೆ? ಇಷ್ಟು ದಿನ ನನಗೆ ಬರೆಯಲು ಆಗಲಿಲ್ಲ. ಹಾಳೆ ಮುಂದಿಟ್ಟುಕೊಂಡರೆ ಸಿಟ್ಟು ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗಲೂ ಸಿಟ್ಟಿನಲ್ಲೇ ಬರೆದಿದ್ದೇನೆ, ಹಾಗೇ ಅಚ್ಚಾಗಲಿ. ಸಮಿತಿಯವರು ಯಾರಿಂದಲಾದರೂ ಓದಿಸಿಕೊಳ್ಳಲಿ. ಆ ಮರಿಗೆ ಇರುವುದು ನಾಲ್ಕೇ ಕಾಲು. ಉಳಿದ ಎರಡು ಸತ್ತ ಮರಿಯವು. ಇದನ್ನು ನನಗೆ ಹೇಳಿಕೊಟ್ಟವನು ನನ್ನಪ್ಪ. ಅವನು ಕುರಿ ಕಾಯುತ್ತಾನೆ.